ಹೌದಪ್ಪನ ಸೋಮವಾರ

ನನ್ನ ಸೊಸೆ ನಿಂಬೆವ್ವ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಎರಡು ಕೌದಿ, ಒಂದು ತಾಮ್ರದ ಕೊಡ, ಒಂದು ಟ್ರಂಕು ಮತ್ತು ಒಂದು ಓತಿಕ್ಯಾತ ತಂದಳು. ಓಣಿಯ ಹೆಂಗಸರು ಕೌದಿಯ ಹೊಲಿಗೆ ಮೆಚ್ಚಿದರು, ಕೊಡವನ್ನು ಬಡಿದು ನೋಡಿದರು. ಓತಿಕ್ಯಾತದ ಮುಂದೆ ಮಾತ್ರ ಸೆರಗು ಬಾಯಿಗೆ ಹಿಡಿದು ನಿಂತರು. ಎದುರು ಮನೆಯ ಯಮನವ್ವ ನನಗಿಂತ ನಾಲ್ಕು ವರ್ಷ ದೊಡ್ಡವಳು, ನಾಲಿಗೆಗೆ ಇನ್ನೂ ಹದಿನಾರು. “ಸೊಸಿ ಮೈತುಂಬ ಬಂಗಾರ ತರ್ತಾಳ ಅಂದಿದ್ದಿಯಲ್ಲ ದಾಕ್ಷವ್ವ. ಬಂಗಾರಕ್ಕ ಬಾಲ ಇರ್ತೈತಿ ಅಂತ ನನಗ ಗೊತ್ತಿದ್ದಿಲ್ಲ ನೋಡು” ಅಂದಳು.

ಮೂರು ವರ್ಷದ ಹಿಂದೆ ನಿಂಬೆವ್ವನ ತವರಿನ ಹಿತ್ತಲಿನ ಬೇವಿನ ಗಿಡದಿಂದ ಬೆಂಕಿಕಡ್ಡಿಯಷ್ಟಿದ್ದ ಮರಿಯೊಂದು ಬಿದ್ದಿತ್ತಂತೆ. ಕಾಗೆ ಕುಕ್ಕಿ ಹಿಂಗಾಲು ಸೊಟ್ಟಗಾಗಿತ್ತು. ಹೊರಗೆ ಬಿಟ್ಟರೆ ಮತ್ತೆ ಕಾಗೆಯ ಪಾಲು ಎಂದು ನಿಂಬೆವ್ವ ಇರುವೆ ಹಿಡಿದು ತಿನ್ನಿಸಿ ಸಾಕಿದಳು. ಅದಕ್ಕೆ ಅವಳಿಟ್ಟ ಹೆಸರು ಹೌದಪ್ಪ. ಏನು ಕೇಳಿದರೂ ಅದು ಕತ್ತೆತ್ತಿ ಎತ್ತಿ ಹೌದು ಹೌದೆಂದು ಆಡಿಸುತ್ತದೆ. ಊಟಾತೇನೋ ಅಂದರೆ ಹೌದು, ನೀ ಕಳ್ಳನೇನೋ ಅಂದರೂ ಹೌದು.

ನಮ್ಮೂರಿನಲ್ಲಿ ಏಳು ಓಣಿ. ಬಿಸಿಲು ದಿನಕ್ಕೊಂದು ಓಣಿಗೆ ಬರುತ್ತದೆ. ಉಳಿದ ಆರು ದಿನ ಚಪ್ಪರದ ಕೆಳಗಿನಂಥ ಬೆಳಕು. ಮುಖ ಕಾಣುತ್ತದೆ, ಸೂಜಿಗೆ ದಾರ ಪೋಣಿಸಬಹುದು, ಆದರೆ ಬಟ್ಟೆ ಒಣಗುವುದಿಲ್ಲ. ಓಣಿಗಳಿಗೆ ವಾರದ ಹೆಸರೇ ಹೆಸರು. ನಮ್ಮದು ಗುರುವಾರದ ಓಣಿ. ಆ ದಿನ ನಮ್ಮಲ್ಲಿ ಯಾರೂ ಒಳಗಿರುವುದಿಲ್ಲ. ಹೆಂಗಸರು ತಲೆ ತೊಳೆದು ಕೂದಲು ಹರಡಿಕೊಂಡು ಕೂರುತ್ತಾರೆ, ಮುದುಕರನ್ನು ಮಂಚದ ಸಮೇತ ಹೊರಗೆ ತರುತ್ತಾರೆ, ಉಪ್ಪಿನಕಾಯಿ ಭರಣಿಗಳ ಬಾಯಿ ಬಿಚ್ಚುತ್ತಾರೆ. ನಾನು ಹಪ್ಪಳ ಮಾಡಿ ಬದುಕಿದವಳು. ಗಂಡ ಸತ್ತಾಗ ಮಗ ಫಕೀರಪ್ಪನಿಗೆ ಆರು ವರ್ಷ. ಬುಧವಾರ ಲಟ್ಟಿಸಿ, ಗುರುವಾರ ಒಣಗಿಸಿ ಅವನನ್ನು ದೊಡ್ಡವನನ್ನಾಗಿ ಮಾಡಿದ್ದೇನೆ. ಬಿಸಿಲಿನ ಸ್ವಭಾವ ನನಗೆ ತಿಳಿದಷ್ಟು ಊರಿನಲ್ಲಿ ಯಾರಿಗೂ ತಿಳಿಯದು ಎಂಬ ಜಂಬ ನನಗಿತ್ತು.

ಕರೆಯದೆ ಇನ್ನೊಂದು ಓಣಿಯ ಬಿಸಿಲಿಗೆ ಹೋಗಿ ಕೂರುವುದು ನಮ್ಮಲ್ಲಿ ಭಿಕ್ಷೆ ಎತ್ತುವುದಕ್ಕಿಂತ ಕಡೆ. ಮದುವೆಯಾದ ಹೆಣ್ಣಿಗೆ ಇನ್ನೂ ಬಿಗಿ. ಒಂದು ವರ್ಷ ಅವಳು ತವರಿನ ಬಿಸಿಲು ಮುಟ್ಟುವಂತಿಲ್ಲ. ತವರಿಗೆ ಬೇರೆ ದಿನ ಹೋಗಬಹುದು, ನೆರಳಿನಲ್ಲಿ ಉಂಡು ಬರಬಹುದು. ಅವಳ ಜೊತೆ ಬಂದ ವಸ್ತುವೂ ಆ ವರ್ಷ ಹಿಂದಕ್ಕೆ ಹೋಗಬಾರದು. ಕೌದಿ ತವರಿಗೆ ಹೊರಟಿತೆಂದರೆ ಹೆಣ್ಣನ್ನೂ ಕಳಿಸುತ್ತಾರೆಂದೇ ಅರ್ಥ. ತಪ್ಪಿ ನಡೆದವಳಿಗೆ ‘ಎರಡು ಬಿಸಿಲಿನಾಕಿ’ ಎಂಬ ಹೆಸರು ಬೀಳುತ್ತದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಓಣಿಯಲ್ಲಿ ಅಂಥ ಒಬ್ಬಳಿದ್ದಳು. ಗುರುವಾರ ಅವಳು ಕಟ್ಟೆಗೆ ಬಂದು ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಮುದುಕಿಯಾಗಿ ಸಾಯುವವರೆಗೂ ಎದ್ದು ಹೋಗುತ್ತಲೇ ಇದ್ದರು.

ಸೊಸೆ ಬಂದ ಮೊದಲ ಗುರುವಾರ ಅವಳ ಸಾಮಾನನ್ನೆಲ್ಲ ಸೂರ್ಯ ಹುಟ್ಟುವುದರಿಂದ ಮುಳುಗುವ ತನಕ ನಮ್ಮ ಬಿಸಿಲಿನಲ್ಲಿಡಬೇಕು. ಅದಕ್ಕೆ ಓಣಿ ಹಿಡಿಸುವುದು ಎನ್ನುತ್ತೇವೆ. ನಾನೇ ನನ್ನ ಕೈಯಾರೆ ಕೌದಿ ಹಾಸಿ, ಕೊಡ ಬೋರಲು ಹಾಕಿ, ಪಕ್ಕದಲ್ಲಿ ಹೌದಪ್ಪನ ಬಿದಿರಿನ ಪಂಜರ ಇಟ್ಟೆ. ಸೋಮವಾರದ ಓಣಿಯಿಂದ ಬಂದ ನಿಂಬೆವ್ವ ಬಾಗಿಲ ಹಿಂದಿನಿಂದ, “ಅತ್ತಿ, ಅದು ಮೊನ್ನೆ ಸೋಮವಾರನ ಬಿಸಲ ಕುಡದೈತ್ರಿ” ಅಂದಳು. “ಇನ್ನೊಂದು ದಿನ ಕುಡದ್ರ ಏನ್ ಕರಗತೈತೇನು?” ಅಂದೆ ನಾನು. ಬಂದು ಮೂರು ದಿನವಾಗದ ಹುಡುಗಿ, ಮತ್ತೆ ಬಾಯಿ ಬಿಡಲಿಲ್ಲ.

ಓಣಿಗೆ ಓಣಿಯೇ ಅಂದು ಪಂಜರದ ಸುತ್ತ ನಿಂತಿತು. ಪೊರಕೆ ಕಡ್ಡಿಯಿಂದ ತಿವಿದವರೆಷ್ಟೋ, ಹೌದಪ್ಪಾ ಮಳಿ ಬರ್ತೈತೇನೋ ಎಂದು ಕೇಳಿದವರೆಷ್ಟೋ. ಸಾಲದ್ದಕ್ಕೆ ಪಕ್ಕದ ಕೊಡ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರೊಳಗೆ ಇನ್ನೊಂದು ಓತಿಕ್ಯಾತ ಕಂಡು ಹೌದಪ್ಪ ಗಂಟಲು ಉಬ್ಬಿಸಿ ದಿನವಿಡೀ ಜಗಳಕ್ಕೆ ನಿಂತಿತು. ಸಂಜೆ ಒಳಗೆ ತಂದಾಗ ಅದರ ಮೈ ಒಲೆಯ ಇದ್ದಿಲಿನಂತೆ ಕಪ್ಪಾಗಿತ್ತು. ಅಂದಿನಿಂದ ಅದು ತಿನ್ನುವುದನ್ನು ಬಿಟ್ಟಿತು. ಕತ್ತು ಆಡಿಸುವುದನ್ನೂ ಬಿಟ್ಟಿತು.

ಮೊದಲ ವಾರ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಜಾಗ, ನಾಚಿಕೆ ಇರಬೇಕು ಅಂದುಕೊಂಡೆವು. ಎರಡನೆಯ ಗುರುವಾರ ನಾನು ಮತ್ತೆ ಅದನ್ನು ಬಿಸಿಲಿಗಿಟ್ಟೆ. ಸರಿಯಾಗಿ ಓಣಿ ಹಿಡಿದಿಲ್ಲ, ಇನ್ನೊಂದು ಸಲ ಬಿಸಿಲು ಕೊಟ್ಟರೆ ಸರಿಹೋಗುತ್ತದೆ ಎನ್ನುವುದು ನನ್ನ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಅದು ಬಾಯಿ ತೆರೆದು ಬಿದ್ದಿತ್ತು, ಪಕ್ಕೆ ಎಳೆಯುತ್ತಿತ್ತು. ನಿಂಬೆವ್ವ ಒಲೆ ಬಿಟ್ಟು ಓಡಿಬಂದು ಪಂಜರ ಎತ್ತಿಕೊಂಡು ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ. ಅವಳು ನನ್ನ ಮಾತು ಕೇಳದೆ ಮಾಡಿದ ಮೊದಲ ಕೆಲಸ ಅದು, ಮಾಡಿದ್ದು ಸರಿಯಾಗಿಯೇ ಇತ್ತು.

ಆಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲದಂತಾಯಿತು. ಬಾಲದ ಬುಡ ದಿನದಿನಕ್ಕೆ ಸಣ್ಣಗಾಗುತ್ತ ಬಂತು. ಸೊಂಟದ ಎರಡು ಎಲುಬು ಚರ್ಮದೊಳಗಿನಿಂದ ಎದ್ದು ನಿಂತವು. ಹಿಟ್ಟು ಖಾಲಿಯಾದ ಚೀಲದಂತೆ ಪಕ್ಕೆಯ ತೊಗಲು ಮಡಿಕೆ ಬಿತ್ತು. ಬೀಗದ ಕೈ ಮಾಡುವ ನನ್ನ ಮಗ ಫಕೀರಪ್ಪ ಬೆಳಗಾಗುವ ಮುಂಚೆ ಹುಲ್ಲಿಗೆ ಹೋಗಿ ಮಿಡತೆ ಹಿಡಿದು ತರುತ್ತಿದ್ದ. “ಹತ್ತ ವರ್ಷದಾಗ ನನಗೊಂದ್ ದಿನ ಇಷ್ಟ ಲಗೂ ಎದ್ದ ಬುತ್ತಿ ಕಟ್ಟಿಕೊಟ್ಟಿಲ್ಲ ಯಾರೂ” ಎಂದು ನಗಿಸಲು ನೋಡಿದ. ನಿಂಬೆವ್ವ ನಗಲಿಲ್ಲ.

ಯಮನವ್ವ ಇಂಗಿನ ನೀರು ತಂದಳು. ಬೆಂಕಿಕಡ್ಡಿಯಿಂದ ಬಾಯಿ ಅಗಲಿಸಿ ಗಂಜಿ ಬಿಡೋಣ ಅಂದಳು. “ಬ್ಯಾಡ್ರಿ ದೊಡ್ಡವ್ವ. ಅದರ ದವಡಿ ಕಡ್ಡಿಕಿಂತ ಸಣ್ಣೈತಿ” ಎಂದು ನಿಂಬೆವ್ವ ಪಂಜರಕ್ಕೆ ಅಡ್ಡ ಕೂತಳು. ನನಗೂ ಅದು ಸರಿ ಅನ್ನಿಸಿತು. ಜ್ವರ ಬಂದ ಮಗುವಿನ ಬಾಯಿಗೆ ತುರುಕಿದ ಅನ್ನ ಎಲ್ಲಿಗೆ ಹೋಗುತ್ತದೆಂದು ಹಡೆದವಳಿಗೆ ಗೊತ್ತು.

ಹದಿನೈದನೆಯ ದಿನ ಬೆಳಿಗ್ಗೆ ನೋಡಿದರೆ ಅದರ ಕಾಲ್ಬೆರಳಿನಲ್ಲಿ ರಕ್ತ. ತಿನ್ನಲಿ ಎಂದು ಪಂಜರದಲ್ಲಿ ಬಿಟ್ಟಿದ್ದ ಮಿಡತೆಗಳೇ ಅದನ್ನು ಕಡಿದಿದ್ದವು. ಅದು ಓಡಿಸಲೂ ಇಲ್ಲ. ಇನ್ನು ನಾನು ಕೈ ಹಾಕದಿದ್ದರೆ ಆಗದು ಎಂದುಕೊಂಡು ಮಿಡತೆಗಳನ್ನೆಲ್ಲ ಹೊರಗೆ ಹಾಕಿದೆ. ಕೊಡವನ್ನು ಅಟ್ಟಕ್ಕೆ ಕಳಿಸಿದೆ. ಪಂಜರದ ಮೂರು ಕಡೆ ಹಳೆಯ ಸೀರೆ ಸುತ್ತಿ, ಒಳಗೆ ಕರಿಬೇವಿನ ಟೊಂಗೆ ನಿಲ್ಲಿಸಿ ಮರೆ ಮಾಡಿದೆ. ಒಲೆಯ ಬಳಿ ಬೆಚ್ಚಗಾದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಒಂದು ಮೂಲೆಗಿಟ್ಟೆ, ಬೇಕಾದರೆ ಹತ್ತಿರ ಹೋಗಲಿ, ಬೇಡವಾದರೆ ದೂರ ಇರಲಿ ಅಂತ. ಬೆರಳಿನಿಂದ ಮೂಗಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಬಹಳ ಹೊತ್ತಾದ ಮೇಲೆ ಅದು ನಾಲಿಗೆ ಹೊರಹಾಕಿ ನೆಕ್ಕಿತು. ಎರಡನೆಯ ಹನಿಯನ್ನೂ ನೆಕ್ಕಿತು. ಮೂರು ದಿನ ನೀರು ಕುಡಿಯಿತು, ಆದರೆ ತಿನ್ನಲಿಲ್ಲ.

“ತವರಿಗೆ ಕಳಿಸಿಬಿಡೂಣೇನವ್ವಾ?” ಎಂದು ಫಕೀರಪ್ಪ ಮೆಲ್ಲಗೆ ಕೇಳಿದ. ಒಳಗಿನಿಂದ ನಿಂಬೆವ್ವನೇ ಹೇಳಿದಳು: “ಅದನ್ನ ಕಳಸೂದಾದ್ರ ನನ್ನ ಟ್ರಂಕೂ ಕಟ್ರಿ.” ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದ ಮಾತು ಹೇಳಿದ್ದು.

ಹದಿನೆಂಟನೆಯ ದಿನ ಸೋಮವಾರ. ನಮ್ಮ ಓಣಿಯಲ್ಲಿ ಎಂದಿನ ಚಪ್ಪರದ ಬೆಳಕು. ನಾನು ಉದ್ದಿನ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದೆ. ದಿನವೂ ಕಲ್ಲಿನ ಪಕ್ಕ ಮುದುಡಿ ಬಿದ್ದಿರುತ್ತಿದ್ದ ಹೌದಪ್ಪ ಮೆಲ್ಲಗೆ ಟೊಂಗೆ ಹತ್ತತೊಡಗಿತು. ಸೊಟ್ಟಗಾಲು ಎರಡು ಸಲ ಜಾರಿತು. ತುದಿಗೆ ಹೋಗಿ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿ, ಒಂದು ಮಗ್ಗುಲನ್ನು ಓರೆಯಾಗಿಸಿ ಕೂತಿತು. ಬಿಸಿಲು ಕಾಯಿಸುವಾಗ ಓತಿಕ್ಯಾತಗಳು ಕೂರುವುದು ಹಾಗೆಯೇ. ಬಿಸಿಲು ಮಾತ್ರ ಇರಲಿಲ್ಲ. ಅದರ ಕಪ್ಪು ಸ್ವಲ್ಪ ತಿಳಿಯಾಯಿತು. ಮಧ್ಯಾಹ್ನದವರೆಗೂ ಕಾದು, ಮತ್ತೆ ಕಪ್ಪಾಗಿ ಕೆಳಗಿಳಿಯಿತು.

ಅದೇ ಹೊತ್ತಿನಲ್ಲಿ ಹಿತ್ತಲ ಬಾಗಿಲಲ್ಲಿ ನಿಂಬೆವ್ವ ನಿಂತಿದ್ದಳು. ಜಡೆ ಬಿಚ್ಚಿ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡಿದ್ದಳು. ಸ್ವಲ್ಪ ಹೊತ್ತು ಹಾಗೇ ನಿಂತು, ಏನೋ ನೆನಪಾದಂತೆ ಮತ್ತೆ ಹೆಣೆದುಕೊಂಡಳು. ನಾನು ಜರಡಿ ಕೆಳಗಿಟ್ಟೆ.

ನನ್ನ ತವರು ಶನಿವಾರದ ಓಣಿ. ಮೂವತ್ತೊಂದು ವರ್ಷವಾಯಿತು ಈ ಮನೆಗೆ ಬಂದು. ಇಂದಿಗೂ ಶನಿವಾರ ಬೆಳಿಗ್ಗೆ ನನ್ನ ತೋಳಿನ ಕೂದಲು ಏಳುತ್ತವೆ, ಬೆನ್ನು ತಾನಾಗಿ ಒಲೆಯ ಕಡೆ ತಿರುಗುತ್ತದೆ. ಯಾರಿಗೂ ಹೇಳಿದವಳಲ್ಲ. ನನ್ನ ಅತ್ತೆಗೆ ಗೊತ್ತಿತ್ತು ಅಂತ ಕಾಣುತ್ತದೆ, ಶನಿವಾರ ಒಲೆಯ ಕೆಲಸ ನನಗೇ ಬಿಡುತ್ತಿದ್ದಳು. ಅವಳೂ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಅರೆ ಒಣಗಿದ ಹಪ್ಪಳವನ್ನು ತೆಗೆದು ಇನ್ನೊಂದು ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ ಎಂದು ನೂರು ಹುಡುಗಿಯರಿಗೆ ಕಲಿಸಿದವಳು ನಾನು. ಒಂದು ಜೀವಕ್ಕೆ ಸೋಮವಾರ ಬಿಸಿಲು ಕುಡಿಸಿದ ಮೂರನೆಯ ದಿನಕ್ಕೆ ಗುರುವಾರದ್ದನ್ನೂ ಕುಡಿಸಿ, ಅದು ಬಿರುಕು ಬಿಟ್ಟಿದ್ದಕ್ಕೆ ಮತ್ತೆ ಅದನ್ನೇ ಕುಡಿಸಿದ್ದೆ.

ಆದರೆ ಅಂದಿನ ಸೋಮವಾರ ಮುಗಿದಿತ್ತು. ಮುಂದಿನದಕ್ಕೆ ಏಳು ದಿನ. ಆ ಏಳು ದಿನ ನಾನು ಪಂಜರದ ಪಕ್ಕದಲ್ಲೇ ಹಪ್ಪಳ ಲಟ್ಟಿಸಿದೆ. ಹನಿ ನೀರು, ಬೆಚ್ಚಗಿನ ಕಲ್ಲು, ಮತ್ತೆ ಹನಿ ನೀರು. ಗುರುವಾರ ಬಂದಾಗ ಪಂಜರಕ್ಕೆ ಇನ್ನೆರಡು ಸೀರೆ ಸುತ್ತಿ ಕತ್ತಲೆ ಕೋಣೆಯಲ್ಲಿಟ್ಟೆ. ನೋಡಲು ಬಂದವರನ್ನು ಯಮನವ್ವ ಬಾಗಿಲಲ್ಲೇ ತಡೆದಳು. “ಒಳಗ ಬಾಣಂತಿ ಅದಾಳ, ಹೋಗ್ರಿ” ಅಂದಳಂತೆ. ಶುಕ್ರವಾರ ಅದು ಕಣ್ಣು ತೆರೆಯಲಿಲ್ಲ. ಶನಿವಾರ ಒಂದು ಕಣ್ಣು ತೆರೆಯಿತು. ನಿಂಬೆವ್ವ ತಾನೂ ಅರ್ಧ ರೊಟ್ಟಿಗೆ ಏಳುತ್ತಿದ್ದಳು, ನಾನು ನೋಡಿಯೂ ಬೈಯಲಿಲ್ಲ.

ಭಾನುವಾರ ಸಂಜೆ ಅವಳನ್ನು ಕೂರಿಸಿಕೊಂಡು ಹೇಳಿದೆ. “ನಾಳೆ ಇದನ್ನ ನಿಮ್ಮ ಓಣಿ ಬಿಸಲಿಗೆ ಒಯ್ತೀನಿ. ನೀ ಬರಬ್ಯಾಡ. ಬಯ್ಯೂದೇನಿದ್ರೂ ನನಗ ಬಯ್ಯಲಿ. ನನಗ ಇನ್ನ ಯಾವ ಹೆಸರು ಇಡ್ತಾರ?”

ಅವಳು ಪಂಜರಕ್ಕೆ ಸುತ್ತಿದ್ದ ಸೀರೆ ಸರಿಪಡಿಸಿದಳು. “ಮಿಡಚಿ ಹಿಂಗಾಲು ಮುರದು ಕೊಡ್ರಿ ಅತ್ತಿ, ಇಲ್ಲಂದ್ರ ಹಾರಿ ಹೋಗ್ತಾವ. ಮತ್ತ ತಿನ್ನೂ ಮುಂದ ಅದರ ಮಾರಿ ನೋಡಬ್ಯಾಡ್ರಿ. ನಾನೂ ನೋಡೂದಿಲ್ಲ. ಕೈ ಚಾಚಿ ಗ್ವಾಡಿ ಕಡೆ ತಿರುಗಿ ಕುಂದರ್ತೀನಿ.”

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ಲಲ್ರಿ.”

ನಿಜ. ಇಪ್ಪತ್ತನಾಲ್ಕು ದಿನ ಇಡೀ ಓಣಿ ಬಗ್ಗಿ ಬಗ್ಗಿ ಅದರ ಮುಖವನ್ನೇ ನೋಡಿತ್ತು. ಸಾಕಿದವಳನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ, ನಾನೂ ಸೇರಿ.

ಸೋಮವಾರ ಹೊತ್ತೇರಿದ ಮೇಲೆ ಪಂಜರವನ್ನು ಹಪ್ಪಳದ ಬುಟ್ಟಿಯಲ್ಲಿಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ಬುಟ್ಟಿಯೊಳಗೆ ಏನಾದರೂ ಅಲುಗುತ್ತದೋ ಎಂದು ಕೈಯಿಟ್ಟು ನೋಡುತ್ತಿದ್ದೆ. ಏನೂ ಅಲುಗಲಿಲ್ಲ. ಸೋಮವಾರದ ಓಣಿಯ ಬಾಯಲ್ಲಿ ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆ ಚಾಕುವಿನಿಂದ ಕೊಯ್ದಂತಿತ್ತು. ಆ ಕಡೆ ಓಣಿ ತುಂಬ ಜನ, ಮಂಚಗಳು, ಹರಡಿದ ಕೂದಲು, ಮೆಣಸಿನಕಾಯಿ. ನಾನು ದೇವರ ಹೆಸರು ಹೇಳಿ ಗೆರೆ ದಾಟಿದೆ.

ಮೊದಲು ಕಂಡವಳು ನಿಂಬೆವ್ವನ ತಾಯಿ ಸಂಕವ್ವ. ಕಟ್ಟೆಯ ಮೇಲೆ ಜೋಳ ಆರಿಸುತ್ತಿದ್ದಳು. ಬುಟ್ಟಿಯಿಂದ ಇಣುಕುವ ಪಂಜರ ಕಂಡು ಅವಳ ಕೈ ನಿಂತಿತು. “ಬೀಗತಿ,” ಅಂದಳು, “ಏನ್ ತಪ್ಪ ಮಾಡಿದ್ಲು ನನ್ನ ಮಗಳು?”

“ಏನೂ ಮಾಡಿಲ್ಲ. ತಿರುಗಿ ಕೊಡಾಕ ಬಂದಿಲ್ಲ ಯಕ್ಕಾ. ನಾನು ಬಿಸಲ ಬೇಡಾಕ ಬಂದೀನಿ.”

ಗಂಡಸೊಬ್ಬ, “ಗುರುವಾರದವರಿಗೆ ತಮ್ಮ ಬಿಸಲ ಸಾಲದಂಗಾತೇನು? ಹಪ್ಪಳ ಬಾಳ ಆಗಿರಬೇಕು” ಅಂದ. ನಾಲ್ಕು ಜನ ನಕ್ಕರು. ಆದರೂ ಪಂಜರವನ್ನು ಓಣಿಯ ನಡುವಿನ ಕಲ್ಲಿನ ಮೇಲಿಟ್ಟು ಸುತ್ತಿದ್ದ ಸೀರೆ ಬಿಚ್ಚಿದೆ. ಒಳಗೆ ಕಂಡದ್ದು ಒಣಗಿದ ಹುಣಸೆಕಾಯಿಯಂಥ ಒಂದು ವಸ್ತು. ನಗುತ್ತಿದ್ದವರು ಹತ್ತಿರ ಸರಿದರು. ಅದು ಅಲ್ಲಿ ಹುಟ್ಟಿ ಬೆಳೆದದ್ದು, ಎಲ್ಲರ ಮನೆಯ ಇರುವೆ ತಿಂದದ್ದು.

“ಹೌದಪ್ಪ ಅಲ್ಲೇನದು?” ಅಂದ ಓಣಿಯ ಹಿರಿಯ ಬಾಳಪ್ಪ. ಮಂಚದ ಮೇಲೆ ಮಲಗಿದ್ದವನು ಎದ್ದು ಕೂತ. “ಎಷ್ಟ ದಿನಾತು ಉಂಡು?”

“ಇಪ್ಪತ್ತೈದು.”

ಬಾಳಪ್ಪ ಮೂಗಿನಿಂದ ಉಸಿರು ಬಿಟ್ಟ. “ಕುಂದರವ್ವ. ಓತಿಕ್ಯಾತದ ಹೆಸರಲೆ ನೀನೂ ಒಂದೀಟು ಬಿಸಲ ಉಣ್ಣು.”

ಕರೆದ ಹಾಗಾಯಿತು. ನಾನು ಕೂತೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಅದು ಕಣ್ಣು ತೆರೆಯಿತು. ತೆರೆದಿಟ್ಟ ಬಾಗಿಲಿನಿಂದ ಹೊರಗೆ ಬಂದು ಕಲ್ಲಿನ ಮೇಲೆ ಮೈ ಹಾಸಿತು. ನೋಡನೋಡುತ್ತ ಕಪ್ಪು ಇಳಿದು ಬೂದಿಬಣ್ಣವಾಯಿತು, ಬೂದಿಯಲ್ಲಿ ಹಳದಿ ಹತ್ತಿತು. ಜನ ಒಬ್ಬರ ಮೇಲೊಬ್ಬರು ಬಗ್ಗಿದರು. ನಾನು ಬೋಗುಣಿಯಲ್ಲಿ ಕಾಲು ಮುರಿದ ಮಿಡತೆಗಳನ್ನಿಟ್ಟೆ. ಅದು ಒಮ್ಮೆ ನೋಡಿತು, ಸುತ್ತಲಿನ ಮೂವತ್ತು ಮುಖ ನೋಡಿತು, ಮತ್ತೆ ಕಪ್ಪೇರತೊಡಗಿತು.

“ಎಲ್ಲಾರೂ ಆ ಕಡೆ ತಿರುಗ್ರಪ್ಪ,” ಅಂದೆ. “ಮಾರಿ ನೋಡಿದ್ರ ತಿನ್ನೂದಿಲ್ಲದು.”

“ವಾರಕ್ಕೊಂದ್ ಬಿಸಲು. ಅದನ್ನೂ ಗ್ವಾಡಿ ನೋಡ್ಕೋತ ಕಳೀಬೇಕೇನು?” ಅಂದ ಆ ಮೊದಲಿನವನು.

“ನಿನ್ನ ಬೆನ್ನ ಒಂದ್ ವರ್ಷದಿಂದ ಬಿಸಲ ಕಂಡಿಲ್ಲಲೇ,” ಅಂದ ಬಾಳಪ್ಪ. “ತಿರುಗು.” ತಾನೇ ಮೊದಲು ತಿರುಗಿದ. ಒಬ್ಬೊಬ್ಬರಾಗಿ ಎಲ್ಲರೂ ಗೋಡೆಗೆ ಮುಖ ಮಾಡಿ ಕೂತರು. ಮುದುಕಿಯರನ್ನು ಮಂಚದ ಮೇಲೆಯೇ ಮಗ್ಗುಲು ಬದಲಿಸಿ ಮಲಗಿಸಿದರು. ಸಂಕವ್ವ ಬಂದು ನನ್ನ ಪಕ್ಕ ಕೂತಳು. ನಾವಿಬ್ಬರೂ ಅವಳ ಮನೆಯ ಗೋಡೆ ನೋಡತೊಡಗಿದೆವು. ಸುಣ್ಣ ಎಲ್ಲೆಲ್ಲಿ ಬಿಟ್ಟಿದೆ ಎಂದು ಎಣಿಸಿದೆ. ಹಿಂದೆ ಒಂದು ಸದ್ದೂ ಇಲ್ಲ. ಅದು ತಿನ್ನುತ್ತಿದೆಯೋ, ಸತ್ತಿದೆಯೋ ತಿಳಿಯದೆ ಆ ಗೋಡೆ ನೋಡುತ್ತ ಕೂತ ಹೊತ್ತಿನಷ್ಟು ಉದ್ದದ ಹೊತ್ತು ನನ್ನ ಜೀವಮಾನದಲ್ಲಿಲ್ಲ.

ಆಗ ಓಣಿಯ ಬಾಯಿಯ ಕಡೆಯಿಂದ ಸದ್ದು ಬಂತು. ಕಲ್ಲಿಗೆ ಕಾಲುಂಗುರ ತಾಗಿದ ಸದ್ದು. ಹಳೆಯ ಕಾಲುಂಗುರ ಸವೆದು ಮಾತಾಡುವುದನ್ನು ಬಿಟ್ಟಿರುತ್ತದೆ. ಹೀಗೆ ಟಕ್ಕೆನ್ನುವುದು ಹೊಸದು ಮಾತ್ರ, ತಿಂಗಳೊಪ್ಪತ್ತಿನದು. ಸದ್ದು ಗೆರೆಯ ಬಳಿ ಬಂದು ನಿಂತಿತು. ನಿಂತೇ ಇತ್ತು. ಆಮೇಲೆ ಒಂದು ಹೆಜ್ಜೆ ಇತ್ತಕಡೆ ಬಿತ್ತು.

ಸಂಕವ್ವ ನನ್ನ ಕೈ ಹಿಡಿದಳು. ಎಲುಬು ಮುರಿಯುವಷ್ಟು ಬಿಗಿಯಾಗಿ ಹಿಡಿದಳು. ಹೆತ್ತ ಮಗಳನ್ನು ತಿಂಗಳಾಗುತ್ತ ಬಂದರೂ ಕಾಣದವಳು, ನಾಲ್ಕು ಮೊಳದ ಹಿಂದೆ ಮಗಳ ಕಾಲಿನ ಸದ್ದು, ಆದರೂ ಅವಳು ಕತ್ತು ತಿರುಗಿಸಲಿಲ್ಲ. ಮೂವತ್ತು ಜನರಲ್ಲಿ ಯಾರೂ ತಿರುಗಿಸಲಿಲ್ಲ. ಕೇಳಿಸದಷ್ಟು ಕಿವುಡರು ಅಲ್ಲಿ ಇಬ್ಬರೋ ಮೂವರೋ ಇದ್ದಿರಬೇಕು.

“ದಾಕ್ಷವ್ವಾ,” ಅಂದ ಬಾಳಪ್ಪ, ಗೋಡೆಗೆ ಹೇಳುವಂತೆ. “ಯಾರರ ಬಂದ್ರೇನು?”

“ಯಾರಿಲ್ರಿ. ಗಾಳಿ.”

“ಹೌದೌದು. ಸೋಮವಾರ ನಮ್ಮ ಓಣ್ಯಾಗ ಗಾಳಿ ಜಾಸ್ತಿ.”

ಗಾಳಿ ನಮ್ಮ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿತು. ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಬಹಳ ಹೊತ್ತು ಏನಿಲ್ಲ. ಆಮೇಲೆ ಕೇಳಿತು, ಕರಿದ ಹಪ್ಪಳದ ಅಂಚು ಮುರಿದಂಥ ಸಣ್ಣ ಸದ್ದು. ಕರುಮ್. ಇನ್ನೊಂದು. ನಾನು ಬೆರಳು ಮಡಚಿ ಎಣಿಸಿದೆ. ಆರರವರೆಗೆ ಎಣಿಸುವಷ್ಟರಲ್ಲಿ ಗೋಡೆ ನನ್ನ ಕಣ್ಣಿಗೆ ಸರಿಯಾಗಿ ಕಾಣದಾಗಿತ್ತು. ಕಾಲುಂಗುರದ ಸದ್ದು ತಕ್ಷಣ ಹೋಗಲಿಲ್ಲ. ಬಿಸಿಲಿನಲ್ಲಿ ಬೆನ್ನು ಕಾಯುವಷ್ಟು ಹೊತ್ತು ಇದ್ದು, ಬಂದ ದಾರಿಯಲ್ಲೇ ಹೋಯಿತು. ಅದು ಪೂರ್ತಿ ಹೋದ ಮೇಲೆ ಬಾಳಪ್ಪ ಕೆಮ್ಮಿದ. ನಾವು ತಿರುಗಿದೆವು.

ಬೋಗುಣಿ ಖಾಲಿ. ಹೌದಪ್ಪನ ಬಾಯಂಚಿಗೆ ಮಿಡತೆಯ ಒಂದು ಕಾಲು ಅಂಟಿತ್ತು. ತಲೆ ಅರಿಶಿನದಂತೆ ಹಳದಿಯಾಗಿತ್ತು. ಪಕ್ಕದ ಕಲ್ಲಿನ ಮೇಲೆ ಒದ್ದೆ ಕೂದಲಿನಿಂದ ತೊಟ್ಟಿಕ್ಕಿದ ನೀರಿನ ಹನಿಗಳು ಒಣಗುತ್ತಿದ್ದವು. ಬಾಳಪ್ಪ ಎದ್ದು ಬಂದು ಹೆಗಲ ಮೇಲಿನ ಟವೆಲ್ಲನ್ನು ಆ ಹನಿಗಳ ಮೇಲೆ ಹಾಸಿ, ಅದರ ಮೇಲೆ ಕೂತ. “ಏನೋ ಹೌದಪ್ಪಾ, ಊಟಾತೇನೋ?” ಎಂದು ಕೇಳಿದ. ಅದು ಕತ್ತೆತ್ತಿ, ಒಂದು ತಿಂಗಳಲ್ಲಿ ಮೊದಲ ಸಲ, ಹೌದೆಂದಿತು.

ಮನೆಗೆ ಬಂದಾಗ ನಿಂಬೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಒಣಗಿ, ಬಿಗಿಯಾಗಿ ಹೆಣೆದಿತ್ತು.

“ತಿಂತೇನ್ರಿ ಅತ್ತಿ?”

“ತಿಂತು. ಆರು.”

“ಏಳು,” ಅಂದವಳೇ ನಾಲಿಗೆ ಕಚ್ಚಿಕೊಂಡಳು.

ನಾನು ಬುಟ್ಟಿ ಇಳಿಸಿದೆ. “ಏಳಿದ್ರೂ ಇರಬಹುದು,” ಅಂದೆ. “ನನಗ ಕಿವಿ ಸ್ವಲ್ಪ ಮಂದ.” ಅವಳು ಆ ಹೊತ್ತು ಎರಡು ರೊಟ್ಟಿ ತಿಂದಳು.

ಆಮೇಲಿನದು ಹಪ್ಪಳದವಳ ಕೆಲಸ. ಒಂದೇ ಸಲಕ್ಕೆ ಸೋಮವಾರದಿಂದ ಗುರುವಾರಕ್ಕೆ ಎಳೆದರೆ ಬಿರುಕು ಬಿಡುತ್ತದೆ, ಮೆಲ್ಲಗೆ ಸರಿಸಬೇಕು. ಎಂಟು ದಿನ ಬಿಟ್ಟು ಮಂಗಳವಾರದ ಓಣಿಗೆ ಹೋಗಿ ಬಿಸಿಲು ಬೇಡಿದೆ. ಅಲ್ಲಿ ಒಬ್ಬರು ಬಾಗಿಲು ಹಾಕಿಕೊಂಡರು, ಇನ್ನೊಬ್ಬರು ಮಜ್ಜಿಗೆ ಕೊಟ್ಟರು. ಮತ್ತೆ ಎಂಟು ದಿನಕ್ಕೆ ಬುಧವಾರದ ಓಣಿ. ಇನ್ನೆಂಟು ದಿನಕ್ಕೆ ನಮ್ಮದು. ನಮ್ಮ ಓಣಿಗೆ ಓಣಿಯೇ ಗೋಡೆಗೆ ಮುಖ ಮಾಡಿ ಕೂತಾಗ ಹೌದಪ್ಪ ಗುರುವಾರದ ಬಿಸಿಲಿನಲ್ಲಿ ಒಂಬತ್ತು ಮಿಡತೆ ತಿಂದಿತು. “ನನ್ನ ಮದವ್ಯಾಗ ನನಗ ಇಷ್ಟ ಮರ್ಯಾದಿ ಮಾಡಿದ್ದಿಲ್ಲ” ಎಂದು ಯಮನವ್ವ ಗೋಡೆಗೆ ಹೇಳಿದಳು.

ಅದಾಗಿ ಎರಡು ದಿನಕ್ಕೆ ಶನಿವಾರ. ಬೆಳಿಗ್ಗೆ ನಾನು ಒಲೆಗೆ ಬೆನ್ನು ಕೊಟ್ಟು ಕೂತಿದ್ದೆ. ಶನಿವಾರದ ಓಣಿಯಲ್ಲಿ ಈಗ ನನ್ನನ್ನು ಬಿಸಿಲಿಗೆ ಕರೆಯುವವರು ಯಾರೂ ಉಳಿದಿಲ್ಲ. ನಿಂಬೆವ್ವ ಬಂದು ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಪಂಜರವನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ನನ್ನ ಮುಂದೆ ತಂದಿಟ್ಟಳು. “ಇದಕ್ಕ ಶನಿವಾರದ ಬಿಸಲ ಹ್ಯಾಂಗಿರ್ತೈತಿ ನೋಡಬೇಕಂತ್ರಿ ಅತ್ತಿ,” ಅಂದಳು. ಬಗ್ಗಿ ಪಂಜರದೊಳಗೆ ಕೇಳಿದಳು: “ಹೋಗಿ ಬರ್ತಿಯೇನೋ ಹೌದಪ್ಪಾ, ಅತ್ತಿ ಜೋಡಿ?”

ಅದು ಯಾವುದಕ್ಕೂ ಹೌದೆನ್ನುವ ಪ್ರಾಣಿ, ಅದರ ಮಾತಿಗೇನು ಬೆಲೆ. ಆದರೂ ನಾನು ಎದ್ದು ಸೀರೆ ಬದಲಿಸಿದೆ.